ಒಗೆಯಬೇಕಾಗದ ಜೆರ್ಸಿ

“ಇವತ್ತೂ ಇದನ್ನು ಒಗೆಯೋದು ಬೇಡ ಅಲ್ವಾ?”

ಕಳೆದ ವರ್ಷ ಜಿಲ್ಲಾ ಮಟ್ಟದ ಬಾಸ್ಕೆಟ್‌ಬಾಲ್ ಪಂದ್ಯ ಮುಗಿಸಿ ರಾತ್ರಿ ಮನೆಗೆ ಬಂದಾಗ ಉಮ್ಮ ಕೇಳಿದ ಮಾತಿದು. ಅವರು ಚುಚ್ಚಲೆಂದು ಕೇಳಿದ್ದಲ್ಲ. ಒಗೆಯುವ ಬಟ್ಟೆಯನ್ನು ಬಕೆಟಿಗೆ ಹಾಕುತ್ತಾ ನನ್ನ ಜೆರ್ಸಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಅದರಲ್ಲಿ ಬೆವರಿನ ವಾಸನೆ ಇರಲಿಲ್ಲ, ಮಣ್ಣಿನ ಕಲೆಯೂ ಇರಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಗೆರೆ ಸಹ ಹಾಗೆಯೇ ಇತ್ತು. ನಾನು ಏನೂ ಹೇಳದೆ ಕೋಣೆಗೆ ಹೋದೆ. ಅಬ್ಬ ಊಟಕ್ಕೆ ಕರೆದಾಗ ಹಸಿವಿಲ್ಲ ಎಂದೆ. ನಿಜವಾಗಿ ಹೊಟ್ಟೆ ಹಸಿದಿತ್ತು.

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ನಾನಿರುವ ಸಂಗತಿ ನಿಮ್ಮಲ್ಲಿ ಕೆಲವರಿಗೆ ಮಾತ್ರ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ತಪ್ಪು ನಿಮ್ಮದಲ್ಲ. ಕಳೆದ ವರ್ಷ ನಾನು ಹೆಚ್ಚಾಗಿ ಕಾಣಿಸಿಕೊಂಡಿದ್ದು ಬೆಂಚಿನ ಮೇಲೆ, ನೀರಿನ ಬಾಟಲಿಗಳ ಪಕ್ಕದಲ್ಲಿ. ಚಿಕ್ಕ ಆಟಗಾರರಿಗೆ, ಹೊಸಬರಿಗೆ, ಕೋಚ್ ಇನ್ನಷ್ಟು ಹೊತ್ತು ಆಡಲು ಅವಕಾಶ ಕೊಡಬೇಕೇ ಬೇಡವೇ ಎಂಬ ಪ್ರಶ್ನೆಯ ಬಗ್ಗೆ ಬರೆಯಬೇಕೆಂದು ಆಗಲೇ ನಿರ್ಧರಿಸಿದ್ದೆ. ಆಗ ಬರೆದಿದ್ದರೆ ಅದು ದೂರಿನ ಪತ್ರವಾಗುತ್ತಿತ್ತು. ಈಗ ಒಂದು ವರ್ಷ ಕಳೆದಿದೆ. ಈ ವರ್ಷದಲ್ಲಿ ನಡೆದ ಇನ್ನೊಂದು ಘಟನೆಯಿಂದ ನನ್ನ ಉತ್ತರ ಸ್ವಲ್ಪ ಬದಲಾಗಿದೆ. ಎರಡನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬಾಸ್ಕೆಟ್‌ಬಾಲ್ ತಂಡದಲ್ಲಿ ಹನ್ನೆರಡು ಜನ ಇರುತ್ತಾರೆ. ಅಂಕಣದಲ್ಲಿ ಆಡುವವರು ಐದು ಜನ. ಉಳಿದ ಏಳು ಮಂದಿ ಬೆಂಚಿನಲ್ಲಿ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷದ ಆಟ. ಈ ಆಟದ ಒಂದು ವಿಶೇಷ ಏನೆಂದರೆ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಫುಟ್‌ಬಾಲ್‌ನಲ್ಲಿ ಒಮ್ಮೆ ಹೊರಗೆ ಬಂದವನು ಸಾಮಾನ್ಯವಾಗಿ ಮತ್ತೆ ಒಳಗೆ ಹೋಗುವಂತಿಲ್ಲ. ವಾಲಿಬಾಲ್‌ನಲ್ಲಿ ಒಂದು ಸೆಟ್‌ಗೆ ಇಷ್ಟೇ ಬದಲಾವಣೆ ಎಂಬ ಲೆಕ್ಕವಿದೆ. ಬಾಸ್ಕೆಟ್‌ಬಾಲ್‌ನಲ್ಲಿ ಹಾಗಿಲ್ಲ. ಹೊರಗೆ ಬಂದವನು ಎರಡು ನಿಮಿಷ ಉಸಿರು ತೆಗೆದುಕೊಂಡು ಮತ್ತೆ ಹೋಗಬಹುದು. ಅಂದರೆ “ನಿನ್ನನ್ನು ಕಳಿಸಲು ನಿಯಮ ಬಿಡುವುದಿಲ್ಲ” ಎಂದು ಯಾವ ಕೋಚೂ ಹೇಳುವಂತಿಲ್ಲ.

ಕಳೆದ ವರ್ಷ ನಾನು ಒಂದು ಲೆಕ್ಕ ಹಾಕಿದ್ದೆ. ಕಾಮರ್ಸ್ ವಿದ್ಯಾರ್ಥಿ ತಾನೇ, ಲೆಕ್ಕ ಹಾಕದೆ ಇರಲಾಗಲಿಲ್ಲ. ಐದು ಜನ, 40 ನಿಮಿಷ. ಒಟ್ಟು 200 ನಿಮಿಷ. ಅದನ್ನು ಹನ್ನೆರಡು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ 16 ನಿಮಿಷ 40 ಸೆಕೆಂಡ್. ತಾಲೂಕು ಮಟ್ಟದಲ್ಲಿ ಎರಡು, ಜಿಲ್ಲಾ ಮಟ್ಟದಲ್ಲಿ ಎರಡು, ಹೀಗೆ ನಾವು ನಾಲ್ಕು ಪಂದ್ಯ ಆಡಿದೆವು. ಸಮಪಾಲಿನ ಲೆಕ್ಕದಲ್ಲಿ ನನಗೆ ಒಂದು ಗಂಟೆಗೂ ಹೆಚ್ಚು ಆಟ ಸಿಗಬೇಕಿತ್ತು. ಸಿಕ್ಕಿದ್ದು ಏಳು ನಿಮಿಷ. ಈ ಲೆಕ್ಕವನ್ನು ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು ಅಡಿಗೆರೆ ಎಳೆದಿದ್ದೆ.

ಜೂನ್‌ನಿಂದ ಬೆಳಿಗ್ಗೆ ಆರೂಕಾಲಿಗೆ ಅಭ್ಯಾಸ. ಫಜ್ರ್ ಮುಗಿಸಿ ಮೊದಲ ಬಸ್ಸು ಹಿಡಿದರೆ ಮಾತ್ರ ಸಮಯಕ್ಕೆ ಸರಿಯಾಗಿ ತಲುಪಬಹುದಿತ್ತು. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಸಿಮೆಂಟ್ ಅಂಕಣದ ತುಂಬ ನೀರು ನಿಂತಿರುತ್ತಿತ್ತು. ಗೋಣಿಚೀಲ ಹಿಡಿದು ಅದನ್ನು ಒರೆಸಿ ಒಣಗಿಸಿದ ಮೇಲೆಯೇ ಆಟ. ಒರೆಸುತ್ತಿದ್ದವರು ಯಾರು ಎಂದು ಈಗ ನೆನಪಿಸಿಕೊಂಡರೆ ನಗು ಬರುತ್ತದೆ. ನಾನು, ಹನ್ನೊಂದನೇ ನಂಬರಿನವನು, ಹದಿನಾಲ್ಕನೇ ನಂಬರಿನವನು. ಯಾರೂ ಹೇಳಿ ಮಾಡಿಸಿದ್ದಲ್ಲ. ಆಟದಲ್ಲಿ ಜಾಗ ಸಿಗದವರು ಕೆಲಸದಲ್ಲಾದರೂ ಜಾಗ ಮಾಡಿಕೊಳ್ಳುತ್ತಿದ್ದೆವು ಅಷ್ಟೆ.

ಜಿಲ್ಲಾ ಮಟ್ಟದ ಎರಡನೇ ಪಂದ್ಯದಲ್ಲಿ ನಾವು ಐದು ಅಂಕಗಳಿಂದ ಸೋತೆವು. ಕೊನೆಯ ಕ್ವಾರ್ಟರ್‌ನಲ್ಲಿ ನಮ್ಮ ಏಳನೇ ನಂಬರಿನವನು ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ ಏದುಸಿರು ಬಿಡುತ್ತಿದ್ದ. ಎದುರಾಳಿಗಳು ಅವನನ್ನು ದಾಟಿ ಓಡುತ್ತಿದ್ದರು. ನಾನು ಬೆಂಚಿನಲ್ಲಿ ಶೂ ಲೇಸ್ ಬಿಗಿ ಮಾಡಿಕೊಂಡೆ. ಕೋಚ್ ಒಮ್ಮೆ ಬೆಂಚಿನ ಕಡೆ ತಿರುಗಿದರು. ನಾನು ಅರ್ಧ ಎದ್ದೆ. ಅವರ ಕಣ್ಣು ನನ್ನ ಮೇಲೆ ನಿಲ್ಲದೆ ಗಡಿಯಾರದ ಕಡೆ ಹೋಯಿತು. ಮತ್ತೆ ಕೂತೆ. ಆ ದಿನ ಅವರು ಏಳು ಜನರನ್ನು ಮಾತ್ರ ಆಡಿಸಿದರು.

ಸೋತದ್ದಕ್ಕೆ ಎಲ್ಲರಿಗೂ ಬೇಸರವಾಯಿತು. ನನಗೆ ಆದ ಬೇಸರ ಬೇರೆ ಥರದ್ದು. ಸೋಲಿನಲ್ಲಿಯೂ ನನಗೆ ಪಾಲಿರಲಿಲ್ಲ. ವ್ಯಾನಿನಲ್ಲಿ ಬರುವಾಗ ಆಡಿದವರು “ನಾನು ಆ ಫ್ರೀ ಥ್ರೋ ಹಾಕಬೇಕಿತ್ತು”, “ನಾನು ಆ ರಿಬೌಂಡ್ ಬಿಟ್ಟೆ” ಎನ್ನುತ್ತಿದ್ದರು. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಬೇಸರಪಡಲು ಸಹ ಒಂದು ತಪ್ಪಾದರೂ ಮಾಡಿರಬೇಕಲ್ಲ!

ಹದಿನಾಲ್ಕನೇ ನಂಬರಿನವನು ಮುಂದಿನ ವಾರ ಅಭ್ಯಾಸಕ್ಕೆ ಬರಲಿಲ್ಲ. ಮತ್ತೆ ಯಾವತ್ತೂ ಬರಲಿಲ್ಲ. ಕೇಳಿದಾಗ “ಟ್ಯೂಷನ್ ಇದೆ” ಎಂದ. ಟ್ಯೂಷನ್ ಮೊದಲೂ ಇತ್ತು.

ನಾನು ಬಿಡಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟ ಹಿಡಿದು ಕೋಚ್ ಬಳಿ ಹೋದೆ. ಇಂಥ ಧೈರ್ಯ ನನಗೆ ಸಾಮಾನ್ಯವಾಗಿ ಇಲ್ಲ. ಹೋಗುವಾಗ ಮನಸ್ಸಿನಲ್ಲಿ ಒಂದು ಅನುಮಾನವಿತ್ತು. ಮೊದಲ ಐದರಲ್ಲಿ ಮೂವರು ಒಂದೇ ಹೈಸ್ಕೂಲಿನಿಂದ ಬಂದವರು. ಅವರ ಮೇಲೆ ಇವರಿಗೆ ಪ್ರೀತಿ, ನಾನು ಯಾವುದೋ ಹಳ್ಳಿ ಶಾಲೆಯವನು, ಅದಕ್ಕೇ ಹೀಗೆ ಎಂದು ನಾನು ನಂಬಿಬಿಟ್ಟಿದ್ದೆ.

ಅವರು ನನ್ನ ಲೆಕ್ಕವನ್ನು ಪೂರ್ತಿ ಓದಿದರು. ಸಿಟ್ಟು ಮಾಡಲಿಲ್ಲ. “ಏಳು ನಿಮಿಷದಲ್ಲಿ ಮೂರು ನಿಮಿಷ ಯಾವುದು ಗೊತ್ತಾ?” ಎಂದು ಕೇಳಿದರು. ಗೊತ್ತಿತ್ತು. ನಾಲ್ಕು ನಿಮಿಷ ಸಿಕ್ಕಿದ್ದು ತಾಲೂಕು ಮಟ್ಟದಲ್ಲಿ, ನಾವು 26 ಅಂಕ ಮುಂದಿದ್ದಾಗ. ಉಳಿದ ಮೂರು ನಿಮಿಷ ಜಿಲ್ಲಾ ಮಟ್ಟದ ಮೊದಲ ಪಂದ್ಯದ ಎರಡನೇ ಕ್ವಾರ್ಟರ್‌ನಲ್ಲಿ. ನಮ್ಮ ಒಂಬತ್ತನೇ ನಂಬರಿನವನಿಗೆ ಬೇಗನೆ ಮೂರು ಫೌಲ್ ಆಗಿತ್ತು. ಐದಾದರೆ ಅವನು ಪಂದ್ಯದಿಂದಲೇ ಹೊರಗೆ. ಅವನನ್ನು ಉಳಿಸಿಕೊಳ್ಳಲು ನನ್ನನ್ನು ಕಳಿಸಿದ್ದರು. ಆ ಮೂರು ನಿಮಿಷದಲ್ಲಿ ನಾನು ಎರಡು ಸಲ ಚೆಂಡು ಕಳೆದುಕೊಂಡಿದ್ದೆ. ಎರಡೂ ಸಲ ಎದುರಾಳಿಗಳು ಓಡಿ ಹೋಗಿ ಸುಲಭದ ಬಾಸ್ಕೆಟ್ ಹಾಕಿದ್ದರು. ಈ ವಿಷಯವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಇಲ್ಲಿಯವರೆಗೆ ನಿಮಗೂ ಹೇಳಿರಲಿಲ್ಲ.

ಅವರು ಒಂದು ಹಾಳೆ ಕೊಟ್ಟು ಹೇಳಿದರು: “ಒಂದು ವಾರ ಅಭ್ಯಾಸದ ಆಟದಲ್ಲಿ ಯಾರು ಎಷ್ಟು ಸಲ ಚೆಂಡು ಕಳೆದುಕೊಳ್ಳುತ್ತಾರೆ, ಹೇಗೆ ಕಳೆದುಕೊಳ್ಳುತ್ತಾರೆ ಬರೆ. ನೀನು ಆಡುವಾಗ ಬೇರೆಯವರು ಬರೆಯಲಿ.” ಐದು ದಿನ ಬರೆದೆವು. ನಾಲ್ಕನೇ ನಂಬರಿನವನು ಕಳೆದುಕೊಂಡದ್ದು ಮೂರು ಸಲ. ನಾನು ಹನ್ನೊಂದು ಸಲ. ಅದರಲ್ಲಿ ಒಂಬತ್ತು ಸಲ ಎಡಗೈಯಲ್ಲಿ ಡ್ರಿಬಲ್ ಮಾಡುವಾಗ. ಎಡಗೈಯಲ್ಲಿ ನನಗೆ ಚೆಂಡು ನಿಲ್ಲುವುದಿಲ್ಲ ಎಂಬುದು ಇಡೀ ತಂಡಕ್ಕೆ ಗೊತ್ತಿತ್ತು. ಎಲ್ಲರೂ ನನ್ನನ್ನು ಎಡಕ್ಕೇ ತಳ್ಳುತ್ತಿದ್ದರು. ಗೊತ್ತಿಲ್ಲದವನು ನಾನೊಬ್ಬನೇ.

ಹಾಳೆಯನ್ನು ಅವರಿಗೆ ಕೊಡುವಾಗ ನಾಚಿಕೆಯಾಯಿತು. ಆದರೂ ಒಂದು ಮಾತು ಕೇಳಿದೆ. “ಸರ್, ಇದನ್ನು ಜೂನ್‌ನಲ್ಲೇ ಹೇಳಿದ್ದರೆ ಸೆಪ್ಟೆಂಬರ್‌ನೊಳಗೆ ಸರಿ ಮಾಡಿಕೊಳ್ಳುತ್ತಿದ್ದೆನಲ್ಲ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹೇಳಬೇಕಿತ್ತು. ಹನ್ನೆರಡು ಜನ, ಜೊತೆಗೆ ವಾಲಿಬಾಲ್, ಕಬಡ್ಡಿ, ಹುಡುಗಿಯರ ಥ್ರೋಬಾಲ್ ಅಂತ ಬಿಟ್ಟುಹೋಯಿತು. ಅದು ನನ್ನದೇ ತಪ್ಪು” ಎಂದರು. ಒಬ್ಬ ಅಧ್ಯಾಪಕರು ವಿದ್ಯಾರ್ಥಿಯ ಎದುರು ಹೀಗೆ ಹೇಳುವುದನ್ನು ನಾನು ಮೊದಲು ಕೇಳಿರಲಿಲ್ಲ. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಆ ರಜೆಯಲ್ಲಿ ಮನೆಯ ಅಂಗಳದಲ್ಲಿ ಎಡಗೈ ಅಭ್ಯಾಸ ಮಾಡಿದೆ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ದಿನಕ್ಕೆ ಅರ್ಧ ಗಂಟೆ. ಅಂಗಳದ ಕೋಳಿಗಳು ಮೊದಲು ಹೆದರಿ ಓಡುತ್ತಿದ್ದವು, ಆಮೇಲೆ ಅಭ್ಯಾಸವಾಯಿತು. ಆ ದಿನಗಳಲ್ಲಿ ಈ ಆಟದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅದರಲ್ಲಿ ಮೂರು ಸಂಗತಿಗಳು ನನ್ನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದವು.

ಮೊದಲನೆಯದು ಈ ಆಟ ಹುಟ್ಟಿದ ಕಥೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಣದ ಅಧ್ಯಾಪಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲು ಈ ಆಟವನ್ನು ರೂಪಿಸಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಎರಡು ಕಡೆ ಕಟ್ಟಿ, ಹದಿಮೂರು ನಿಯಮ ಬರೆದರು. ಇದು ಕ್ವಿಜ್‌ನಲ್ಲಿ ಬರುವ ವಿಷಯ, ಹಲವರಿಗೆ ಗೊತ್ತು. ನನಗೆ ಗೊತ್ತಿಲ್ಲದ್ದು ಇನ್ನೊಂದು. ಅವರ ತರಗತಿಯಲ್ಲಿ ಹದಿನೆಂಟು ಜನರಿದ್ದರು. ಮೊದಲ ಆಟದಲ್ಲಿ ಅವರು ಒಂಬತ್ತೊಂಬತ್ತು ಜನರ ಎರಡು ತಂಡ ಮಾಡಿದರು. ಅಂದರೆ ಇಡೀ ತರಗತಿ ಆಡಿತು. ಮೊದಲ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಬೆಂಚೇ ಇರಲಿಲ್ಲ! ಐದು ಜನರ ತಂಡ ರೂಢಿಗೆ ಬಂದದ್ದು ಕೆಲವು ವರ್ಷಗಳ ನಂತರ.

ಎರಡನೆಯದು ಮೈಕಲ್ ಜೋರ್ಡಾನ್ ಕಥೆ. ಪ್ರೇರಣೆಯ ಭಾಷಣಗಳಲ್ಲಿ ಇದನ್ನು ನೀವೂ ಕೇಳಿರುತ್ತೀರಿ. “ಶಾಲೆಯ ತಂಡದಿಂದ ಕೈಬಿಟ್ಟರು, ಆದರೂ ಛಲ ಬಿಡದೆ ವಿಶ್ವವಿಖ್ಯಾತನಾದ” ಎಂದು ಹೇಳುತ್ತಾರೆ. ಪೂರ್ತಿ ಕಥೆ ಸ್ವಲ್ಪ ಬೇರೆ ಇದೆ. 1978ರಲ್ಲಿ ವಿಲ್ಮಿಂಗ್‌ಟನ್ ಎಂಬ ಊರಿನ ಲೇನಿ ಹೈಸ್ಕೂಲಿನಲ್ಲಿ ಅವನು ಹತ್ತನೇ ತರಗತಿಯಲ್ಲಿದ್ದ. ಶಾಲೆಯ ಮುಖ್ಯ ತಂಡಕ್ಕೆ ಅವನ ಗೆಳೆಯ ಲೆರಾಯ್ ಸ್ಮಿತ್ ಆಯ್ಕೆಯಾದ, ಏಕೆಂದರೆ ಅವನು ಬಹಳ ಎತ್ತರ ಇದ್ದ. ಜೋರ್ಡಾನ್‌ನನ್ನು ಕಿರಿಯರ ತಂಡಕ್ಕೆ ಹಾಕಿದರು. ಮನೆಗೆ ಹೋಗಿ ಅವನು ಅತ್ತದ್ದು ನಿಜ. ಆದರೆ ಯೋಚಿಸಿ ನೋಡಿ. ಮುಖ್ಯ ತಂಡದಲ್ಲಿದ್ದರೆ ದೊಡ್ಡವರ ಹಿಂದೆ ಬೆಂಚಿನಲ್ಲಿ ಕೂರಬೇಕಾಗುತ್ತಿತ್ತು. ಕಿರಿಯರ ತಂಡದಲ್ಲಿ ಅವನು ಇಡೀ ವರ್ಷ ಆಡಿದ. ಆ ವರ್ಷ ಅವನಿಗೆ ಸಿಕ್ಕಿದ್ದು ಅವಮಾನ ಒಂದೇ ಅಲ್ಲ, ಆಟದ ನಿಮಿಷಗಳೂ ಸಿಕ್ಕವು. ಭಾಷಣ ಮಾಡುವವರು ಅವಮಾನವನ್ನು ಮಾತ್ರ ಹೇಳಿ ನಿಮಿಷಗಳನ್ನು ಬಿಟ್ಟುಬಿಡುತ್ತಾರೆ. ಛಲ ಬೇಕು, ಒಪ್ಪಿದೆ. ಆ ಛಲಕ್ಕೆ ಆಡಲು ಒಂದು ಅಂಕಣವೂ ಬೇಕು.

ಮೂರನೆಯದು ಜೆರೆಮಿ ಲಿನ್ ಎಂಬ ಆಟಗಾರನದ್ದು. ಎರಡು ತಂಡಗಳು ಕೈಬಿಟ್ಟ ಮೇಲೆ ಅವನು ನ್ಯೂಯಾರ್ಕ್ ನಿಕ್ಸ್ ತಂಡದ ಬೆಂಚಿನ ಕೊನೆಯಲ್ಲಿದ್ದ. 2012ರ ಫೆಬ್ರವರಿ 4ರಂದು, ಬೇರೆ ಆಟಗಾರರು ಗಾಯಗೊಂಡು ತಂಡ ಸೋಲುತ್ತಿದ್ದ ದಿನಗಳಲ್ಲಿ, ಕೋಚ್ ಅವನನ್ನು ಕಳಿಸಿದರು. ಅವನು 25 ಅಂಕ ಹಾಕಿದ. ಮುಂದಿನ ಕೆಲವು ವಾರ ಜಗತ್ತೆಲ್ಲ ಅವನ ಹೆಸರೇ. ಇದರಲ್ಲಿ ಎರಡು ಪಾಠವಿದೆ. ಕರೆ ಬರುವ ದಿನ ಗೊತ್ತಿಲ್ಲದಿದ್ದರೂ ಆಟಗಾರ ಸಿದ್ಧನಾಗಿರಬೇಕು ಎಂಬುದು ಆಟಗಾರನಿಗೆ ಪಾಠ. ಅಷ್ಟು ದಿನ ತಮ್ಮ ಬೆಂಚಿನಲ್ಲೇ ಕುಳಿತಿದ್ದವನಲ್ಲಿ ಏನಿದೆ ಎಂದು ತಂಡಕ್ಕೇ ತಿಳಿದಿರಲಿಲ್ಲ ಎಂಬುದು ಕೋಚ್‌ಗಳಿಗೆ ಪಾಠ. ಆಡಿಸದೆ ತಿಳಿಯುವುದು ಹೇಗೆ?

ಇದನ್ನೆಲ್ಲ ಓದಿದ ಮೇಲೆ ನನ್ನ ಉತ್ತರ ಖಚಿತವಾಗಿತ್ತು. ಹೊಸಬರನ್ನು ಆಡಿಸಬೇಕು, ಆಡಿಸದಿದ್ದರೆ ಅದು ಅನ್ಯಾಯ, ಅಷ್ಟೆ.

ಆಮೇಲೆ ಈ ವರ್ಷ ಅಂತರ್‌ತರಗತಿ ಪಂದ್ಯ ಬಂತು.

ಕಾಮರ್ಸ್ ವಿಭಾಗದ ತಂಡಕ್ಕೆ ನನ್ನನ್ನು ನಾಯಕನನ್ನಾಗಿ ಮಾಡಿದರು. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂಬುದೂ ನನ್ನದೇ ತೀರ್ಮಾನ ಎಂದು ಸರ್ ಹೇಳಿದರು. ನಮ್ಮಲ್ಲಿ ಹತ್ತು ಜನರಿದ್ದೆವು. ಎಲ್ಲರನ್ನೂ ಆಡಿಸುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದ್ದೆ.

ಎದುರಿಗೆ ಸೈನ್ಸ್ ವಿಭಾಗ. ಸುತ್ತ ಅವರ ಬೆಂಬಲಿಗರು, ನಮ್ಮ ಬೆಂಬಲಿಗರು, ಮೇಲಿನ ಮಹಡಿಯ ವರಾಂಡದಲ್ಲಿ ಅಧ್ಯಾಪಕರು. ಮೊದಲಾರ್ಧ ಮುಗಿದಾಗ ನಾವು ನಾಲ್ಕು ಅಂಕ ಹಿಂದೆ. ಮೂರನೇ ಕ್ವಾರ್ಟರ್‌ನಲ್ಲಿ ಸಮ ಮಾಡಿದೆವು. ಪ್ರಥಮ ಪಿಯುಸಿಯ ಒಬ್ಬ ಹುಡುಗ ಬೆಂಚಿನಲ್ಲಿ ಕುಳಿತಿದ್ದ. ಕಟ್ಟು ಸಣ್ಣದು, ಓಟ ಚುರುಕು. ಎರಡು ಸಲ ಅವನ ಕಡೆ ನೋಡಿದೆ. ಎರಡು ಸಲವೂ “ಇನ್ನೊಂದು ನಿಮಿಷ, ಸ್ವಲ್ಪ ಮುಂದೆ ಹೋಗಲಿ, ಆಮೇಲೆ ಕಳಿಸೋಣ” ಎಂದುಕೊಂಡೆ. ಆ “ಆಮೇಲೆ” ಬರಲೇ ಇಲ್ಲ. ಎರಡು ಅಂಕಗಳಿಂದ ಗೆದ್ದೆವು. ಕುಣಿದೆವು, ಕೂಗಿದೆವು, ಕ್ಯಾಂಟೀನಿಗೆ ಹೋಗಿ ಜ್ಯೂಸ್ ಕುಡಿದೆವು. ಅವನು ಎಲ್ಲಿದ್ದ ಎಂದು ನನಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಜೆರ್ಸಿ ತಂದು ಕೊಡಬೇಕಿತ್ತು. ಅವನ ಜೆರ್ಸಿ ನೀಟಾಗಿ ಮಡಚಿತ್ತು. “ಒಗೆದಿಲ್ಲ ಅಣ್ಣ. ಒಗೆಯುವಂಥದ್ದೇನೂ ಇರಲಿಲ್ಲ” ಎಂದು ಕೊಟ್ಟು ತರಗತಿಗೆ ಹೋದ.

ನನಗೆ ಉಮ್ಮನ ಮಾತು ನೆನಪಾಯಿತು. ಆ ದಿನ ಪಾಠ ಏನು ಮಾಡಿದರೋ ನನಗೆ ಗೊತ್ತಿಲ್ಲ.

ನಾನು ಅವನನ್ನು ಏಕೆ ಕಳಿಸಲಿಲ್ಲ? ಅವನ ಮೇಲೆ ಸಿಟ್ಟಿರಲಿಲ್ಲ. ಅವನು ಯಾವ ಹೈಸ್ಕೂಲಿನವನು ಎಂದೂ ನನಗೆ ಗೊತ್ತಿರಲಿಲ್ಲ. ಕಾರಣ ಒಂದೇ, ಭಯ. ಅವನು ಚೆಂಡು ಕಳೆದುಕೊಂಡರೆ, ನಾವು ಸೋತರೆ, ಎಲ್ಲರೂ ನನ್ನನ್ನು ಕೇಳುತ್ತಾರೆ. ಅವನನ್ನು ಕೂರಿಸಿದ್ದಕ್ಕೆ ಯಾರೂ ಕೇಳುವುದಿಲ್ಲ. ಬೆಂಚಿನಲ್ಲಿ ಕುಳಿತವನಿಗೆ ಕಾಣುವುದು ನ್ಯಾಯ ಅನ್ಯಾಯ. ನಿಂತು ತೀರ್ಮಾನ ಮಾಡುವವನಿಗೆ ಕಾಣುವುದು ಗಡಿಯಾರ ಮತ್ತು ಸ್ಕೋರ್. ಕಳೆದ ವರ್ಷ ಕೋಚ್ ಕಣ್ಣು ನನ್ನನ್ನು ದಾಟಿ ಗಡಿಯಾರಕ್ಕೆ ಹೋದದ್ದು ಏಕೆ ಎಂದು ಆಗ ಅರ್ಥವಾಯಿತು. ನಮ್ಮ ಪಿಯು ಪಂದ್ಯಗಳು ನಾಕ್‌ಔಟ್ ಮಾದರಿಯವು. ಒಂದು ಸೋಲು ಅಂದರೆ ಬ್ಯಾಗು ಕಟ್ಟಿ ಮನೆಗೆ. ಲೀಗ್ ಆದರೆ ಒಂದು ಪಂದ್ಯದಲ್ಲಿ ಪ್ರಯೋಗ ಮಾಡಬಹುದು, ಸೋತರೆ ಮುಂದಿನದರಲ್ಲಿ ಸರಿಪಡಿಸಬಹುದು. ನಾಕ್‌ಔಟ್‌ನಲ್ಲಿ ಪ್ರತಿ ನಿಮಿಷವೂ ಕೊನೆಯ ನಿಮಿಷದಂತೆ ಕಾಣುತ್ತದೆ.

ಅರ್ಥವಾಯಿತು ಎಂದ ಮಾತ್ರಕ್ಕೆ ಮಾಡಿದ್ದು ಸರಿಯಾಗುವುದಿಲ್ಲ. ನಮ್ಮದು ಜಿಲ್ಲಾ ಮಟ್ಟದ ಪಂದ್ಯವೂ ಆಗಿರಲಿಲ್ಲ. ಅಂತರ್‌ತರಗತಿ ಪಂದ್ಯ, ನಮ್ಮದೇ ಅಂಗಳ.

ಎರಡು ದಿನ ಬಿಟ್ಟು ಅವನನ್ನು ಹುಡುಕಿಕೊಂಡು ಹೋದೆ. ಕ್ಷಮೆ ಕೇಳಿದೆ. ಆಮೇಲೆ, “ನಿನ್ನ ಓಟ ಚೆನ್ನಾಗಿದೆ. ಡಿಫೆನ್ಸ್ ಮಾಡುವಾಗ ಮಾತ್ರ ನೀನು ಚೆಂಡನ್ನೇ ನೋಡುತ್ತೀ, ನಿನ್ನ ಆಳನ್ನು ಬಿಟ್ಟುಬಿಡುತ್ತೀ. ಅವನು ನಿನ್ನ ಬೆನ್ನ ಹಿಂದಿನಿಂದ ಬಾಸ್ಕೆಟ್ ಕಡೆ ಓಡುತ್ತಾನೆ. ಅದಕ್ಕೆ ನನಗೆ ಹೆದರಿಕೆಯಾಯಿತು” ಎಂದೆ.

ಅವನ ಮುಖ ಅರಳಿತು. “ಅಷ್ಟೇನಾ ಅಣ್ಣ? ನಾನು ಗಿಡ್ಡ ಅಂತ ಇನ್ನು ಯಾವತ್ತೂ ಆಡಿಸೋದಿಲ್ಲ ಅಂದ್ಕೊಂಡಿದ್ದೆ” ಎಂದ.

ನೋಡಿ, ಕಾರಣ ಹೇಳದಿದ್ದರೆ ಮನುಷ್ಯ ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತಾನೆ, ಅದೂ ಇದ್ದುದರಲ್ಲಿ ಅತಿ ಕೆಟ್ಟದ್ದನ್ನೇ. ನಾನು ಹೈಸ್ಕೂಲಿನ ಪಕ್ಷಪಾತ ಎಂದುಕೊಂಡೆ. ಅವನು ತನ್ನ ಎತ್ತರ ಎಂದುಕೊಂಡ. ಎಡಗೈಯನ್ನು ತಿದ್ದಬಹುದು, ಡಿಫೆನ್ಸ್ ತಿದ್ದಬಹುದು. ಎತ್ತರವನ್ನು ತಿದ್ದಲಾಗುವುದಿಲ್ಲ. ತಿದ್ದಲಾಗದ ಕಾರಣವನ್ನು ನಂಬಿದವನು ಬಿಟ್ಟು ಹೋಗುತ್ತಾನೆ. ನಮ್ಮ ಹದಿನಾಲ್ಕನೇ ನಂಬರಿನವನು ಯಾವ ಕಾರಣ ಕಟ್ಟಿಕೊಂಡಿದ್ದನೋ, ನಾವು ಯಾರೂ ಕೇಳಲೇ ಇಲ್ಲ.

ಹಾಗಾದರೆ ಹೊಸ ಆಟಗಾರರಿಗೆ ಹೆಚ್ಚು ಅವಕಾಶ ಸಿಗಬೇಕೇ? ಬೇಕು ಎಂದೇ ಈಗಲೂ ಹೇಳುತ್ತೇನೆ. ನನ್ನ ನೋಟ್‌ಬುಕ್ಕಿನ 16 ನಿಮಿಷ 40 ಸೆಕೆಂಡ್‌ನ ಲೆಕ್ಕವನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಜಿಲ್ಲಾ ಮಟ್ಟದ ನಾಕ್‌ಔಟ್ ಪಂದ್ಯದಲ್ಲಿ ಸಮಪಾಲು ಕೇಳುವುದು ಸರಿಯಲ್ಲ. ಕಾಲೇಜಿನ ಹೆಸರಿನಲ್ಲಿ ಹೋದಾಗ ಯಾರು ಚೆನ್ನಾಗಿ ಆಡುತ್ತಾರೋ ಅವರು ಆಡಲಿ. ಅಭ್ಯಾಸಕ್ಕೆ ವಾರಕ್ಕೆರಡು ದಿನ ಬಂದು, ಪಂದ್ಯದ ದಿನ ಮೊದಲು ಬಂದು ನಿಲ್ಲುವವನಿಗೆ ದೂರುವ ಹಕ್ಕೂ ಇಲ್ಲ.

ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ನಾವು ಆಡುವ ಸ್ನೇಹಪಂದ್ಯಗಳಲ್ಲಿ ಅದೇ ಐದು ಜನರನ್ನು ಆಡಿಸಬೇಕಾಗಿಲ್ಲ. ಈಜು ಬರದವನು ನೀರಿಗಿಳಿಯಬಾರದು ಎಂದರೆ ಈಜು ಬರುವುದು ಯಾವಾಗ? ನನ್ನ ಎಡಗೈ ಅಂಗಳದಲ್ಲಿ ಸರಿಯಾಯಿತು. ಗುರುತಿಲ್ಲದ ಎದುರಾಳಿ ಮೇಲೆ ಬಿದ್ದಾಗ, ರೆಫರಿಯ ಸೀಟಿ ಕೇಳುವಾಗ, 24 ಸೆಕೆಂಡಿನೊಳಗೆ ಚೆಂಡು ಹಾಕಬೇಕಾದಾಗ ಅದೇ ಎಡಗೈ ಮತ್ತೆ ನಡುಗಿತು. ಅದನ್ನು ಅಂಗಳದಲ್ಲಿ ಕಲಿಯಲು ಸಾಧ್ಯವೇ ಇಲ್ಲ. ಇನ್ನೊಂದು ಮಾತು. 26 ಅಂಕ ಮುಂದಿರುವಾಗ ಕೊಡುವ ಕೊನೆಯ ನಾಲ್ಕು ನಿಮಿಷ ಅವಕಾಶವೇ ಅಲ್ಲ. ಆಗ ಎದುರಾಳಿಯೂ ಕೈಬಿಟ್ಟಿರುತ್ತಾನೆ. ಅಲ್ಲಿ ತಪ್ಪು ಮಾಡಿದರೂ ಕಲಿಯುವುದಿಲ್ಲ, ಸರಿ ಮಾಡಿದರೂ ತಿಳಿಯುವುದಿಲ್ಲ.

ಅಂತರ್‌ತರಗತಿ ಪಂದ್ಯದ ನಂತರ ನಾನು ಸರ್ ಬಳಿ ಮೂರು ವಿನಂತಿ ಮಾಡಿದೆ. ಸ್ನೇಹಪಂದ್ಯಗಳಲ್ಲಿ ಎರಡನೇ ಕ್ವಾರ್ಟರ್ ಅನ್ನು ಮೊದಲ ಐದರಲ್ಲಿ ಇಲ್ಲದವರಿಗೇ ಬಿಡಬೇಕು. ತಂಡದ ಪಟ್ಟಿ ಹಾಕುವ ಮೊದಲು ಪ್ರತಿಯೊಬ್ಬನಿಗೂ ಎರಡು ನಿಮಿಷ ಕೊಟ್ಟು ಅವನಲ್ಲಿ ಏನು ಕೊರತೆ ಇದೆ ಎಂದು ಹೇಳಬೇಕು. ಮುಂದಿನ ಜೂನ್‌ನಿಂದ ಪ್ರಥಮ ಪಿಯುಸಿಯವರದೇ ಒಂದು ಕಿರಿಯರ ತಂಡ ಮಾಡಿ ಸುತ್ತಲಿನ ಹೈಸ್ಕೂಲುಗಳ ಜೊತೆ ಆಡಿಸಬೇಕು. ಮೊದಲ ಎರಡಕ್ಕೆ ಅವರು ಕೂಡಲೇ ಒಪ್ಪಿದರು. ಮೂರನೆಯದಕ್ಕೆ ವ್ಯಾನಿನ ಖರ್ಚಿನ ಬಗ್ಗೆ ಆಡಳಿತ ಮಂಡಳಿಯನ್ನು ಕೇಳಬೇಕು ಎಂದಿದ್ದಾರೆ. ಈ ಲೇಖನವನ್ನು ಆಡಳಿತ ಮಂಡಳಿಯವರು ಓದುತ್ತಿದ್ದರೆ ಇದನ್ನೇ ಅರ್ಜಿ ಎಂದು ತಿಳಿಯಬೇಕಾಗಿ ಕೋರಿಕೆ.

ಬಾಸ್ಕೆಟ್‌ಬಾಲ್ ಆಡದ ಗೆಳೆಯರು “ನಮಗೇನು?” ಎನ್ನಬಹುದು. ನಮ್ಮ ತರಗತಿಯನ್ನೇ ನೋಡಿ. ಅಧ್ಯಾಪಕರು ಪ್ರಶ್ನೆ ಕೇಳಿದಾಗ ಪ್ರತಿದಿನ ಕೈ ಎತ್ತುವವರು ಅದೇ ನಾಲ್ಕೈದು ಜನ. ಉತ್ತರ ಹೇಳುವವರೂ ಅವರೇ. ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿಯುವವರೂ ಹೆಚ್ಚಾಗಿ ಅವರೇ. ಪಾಠ ಬೇಗ ಮುಗಿಯಬೇಕು, ಕಾರ್ಯಕ್ರಮ ಚೆನ್ನಾಗಿ ಆಗಬೇಕು ಎಂಬ ಅಧ್ಯಾಪಕರ ಕಷ್ಟ ನನಗೆ ಈಗ ಅರ್ಥವಾಗುತ್ತದೆ, ನಾನೂ ಒಮ್ಮೆ ನಾಯಕನಾಗಿ ನೋಡಿದ್ದೇನಲ್ಲ. ಆದರೆ ಉಳಿದ ಐವತ್ತು ಜನ ಇಡೀ ಎರಡು ವರ್ಷ ಒಗೆಯಬೇಕಾಗದ ಜೆರ್ಸಿ ಹಾಕಿಕೊಂಡು ಕೂತಿರುತ್ತಾರೆ. ವಾರ್ಷಿಕ ಪರೀಕ್ಷೆ ಜಿಲ್ಲಾ ಮಟ್ಟದ ಪಂದ್ಯ ಇದ್ದ ಹಾಗೆ, ಅಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ. ದಿನದ ಪಾಠವಾದರೂ ಸ್ನೇಹಪಂದ್ಯ ಆಗಬಹುದಲ್ಲವೇ?

ಕಳೆದ ಶನಿವಾರ ಪಕ್ಕದ ಕಾಲೇಜಿನ ಜೊತೆ ನಮ್ಮ ಸ್ನೇಹಪಂದ್ಯವಿತ್ತು. ಎರಡನೇ ಕ್ವಾರ್ಟರ್‌ಗೆ ಐದು ಹೊಸಬರು ಇಳಿದರು. ಆ ಪ್ರಥಮ ಪಿಯುಸಿ ಹುಡುಗನೂ ಇದ್ದ. ಮೊದಲ ನಿಮಿಷದಲ್ಲೇ ತನ್ನ ಆಳನ್ನು ಬಿಟ್ಟು ಚೆಂಡು ನೋಡುತ್ತಾ ನಿಂತ, ಎದುರಾಳಿ ಹಿಂದಿನಿಂದ ಹೋಗಿ ಬಾಸ್ಕೆಟ್ ಹಾಕಿದ. ಅವನು ಹೆದರಿ ಬೆಂಚಿನ ಕಡೆ ತಿರುಗಿ ನೋಡಿದ. ಯಾರೂ ಅವನನ್ನು ಹೊರಗೆ ಕರೆಯಲಿಲ್ಲ. ನಾನು ಬೆಂಚಿನಿಂದ, “ಆಳನ್ನು ನೋಡು, ಆಳನ್ನು!” ಎಂದು ಕೂಗಿದೆ. ಎಂಟನೇ ನಿಮಿಷದಲ್ಲಿ ಅದೇ ಎದುರಾಳಿಯ ಕೈಗೆ ಬರಬೇಕಿದ್ದ ಪಾಸನ್ನು ಅವನು ಮಧ್ಯದಲ್ಲೇ ಕಸಿದ. ಓಡಿ ಹೋಗಿ ಲೇ-ಅಪ್ ಹಾಕಲು ನೋಡಿದ, ಬೀಳಲಿಲ್ಲ. ಆ ಕ್ವಾರ್ಟರ್‌ನಲ್ಲಿ ನಾವು ಆರು ಅಂಕ ಹಿಂದೆ ಬಿದ್ದೆವು. ಕೊನೆಗೆ ಪಂದ್ಯವನ್ನು ಮೂರು ಅಂಕಗಳಿಂದ ಸೋತೆವು.

ಸೋಮವಾರ ಅವನು ಜೆರ್ಸಿ ತರಲಿಲ್ಲ. ಕೇಳಿದಾಗ, “ಒಗೆದು ಹಾಕಿದ್ದೇನೆ ಅಣ್ಣ, ಈ ಮಳೆಗೆ ಒಣಗಿಲ್ಲ” ಎಂದ.

ಪರವಾಗಿಲ್ಲ, ನಿಧಾನ ತಾ ಎಂದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ